ಬಿಸಿಲಿಗೆ ಒಣಗಿದ ಪೊರೆ

ಆ ದಿನ ತಿಕೋಟಾದಿಂದ ಬಬಲೇಶ್ವರಕ್ಕೆ ನಾನು ಲಾರಿಯಲ್ಲಿ ಹೋದೆನೋ ಬಸ್ಸಿನಲ್ಲಿ ಹೋದೆನೋ, ಈಗ ಆಣೆ ಮಾಡಿ ಹೇಳಲಾರೆ. ಒಣ ಜೋಳದ ದಂಟು, ಕಣಿಕಿ, ಹೇರಿದ ಲಾರಿಯಲ್ಲಿ ಡ್ರೈವರನ ಪಕ್ಕ ಕೂತಿದ್ದೆ ಎಂದು ನೆನಪು ಹೇಳುತ್ತದೆ. ಆ ಹೊತ್ತಿಗೆ ಆ ದಾರಿಯಲ್ಲಿ ಬಸ್ಸಿತ್ತು, ನೀನು ಲಾರಿ ಯಾಕೆ ಹತ್ತುತ್ತಿದ್ದೆ ಎಂದು ಊರಿನವರು ಕೇಳುತ್ತಾರೆ. ವಿಶ್ವವಿದ್ಯಾಲಯದಲ್ಲಿ ಕಲಿತ ವಿಜ್ಞಾನ ನನಗೆ ಒಂದು ಚಟ ಅಂಟಿಸಿತು. ಪುರಾವೆ ಇಲ್ಲದ ಯಾವುದನ್ನೂ ನಾನು ನಂಬುವುದಿಲ್ಲ, ನನ್ನ ತಲೆಯೊಳಗೆ ಇರುವುದನ್ನೂ. ಆ ದಿನದ ಮಾತುಗಳು, ಬಣ್ಣಗಳು, ಯಾರು ಎಲ್ಲಿ ನಿಂತಿದ್ದರು ಎಂಬುದೆಲ್ಲ ಒಮ್ಮೊಮ್ಮೆ ಒಂದೊಂದು ಥರ ಕಾಣುತ್ತದೆ. ಹೆದರಿಕೆ ಮಾತ್ರ ಬದಲಾಗಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಆಗ ಎಲ್ಲರೂ ಬಿಜಾಪುರ ಎನ್ನುತ್ತಿದ್ದ ನಮ್ಮೂರಿಗೆ ಮರಳಿ, ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಸೇರಿದ್ದೆ. ವಿಭಾಗದ ಮುಖ್ಯಸ್ಥರಿಗೆ ಔಷಧಗಳ ಹುಚ್ಚು. ದಮ್ಮಿನ ರೋಗಕ್ಕೆ ಕೊಡುವ ಒಂದು ಔಷಧವನ್ನು ಜಾಲಿ ಅಂಟಿನಲ್ಲಿ ಕಲಸಿ, ಬಿಸಿ ಪೆಟ್ಟಿಗೆಯಲ್ಲಿ ಗಟ್ಟಿಮಾಡಿ ಗುಳಿಗೆ ಕಟ್ಟುತ್ತಿದ್ದರು. ಬಾಣಂತಿಗೆ ಉಂಡೆ ಕಟ್ಟುವ ಅಂಟು ನಮ್ಮ ಕಡೆ ಬೇಕಾದಷ್ಟು. ಆ ಅಂಟು ಹೊಟ್ಟೆಯಲ್ಲಿ ನಿಧಾನ ಕರಗಿ, ಔಷಧವನ್ನು ಇಡೀ ದಿನ ಚೂರುಚೂರೇ ಬಿಡಬೇಕು ಎಂಬುದು ಅವರ ವಿಚಾರ. ದಿನಕ್ಕೆ ಮೂರು ಸಲ ನುಂಗುವ ಔಷಧವನ್ನು ಒಂದೇ ಗುಳಿಗೆಯಲ್ಲಿ ಹಾಕಿದರೆ ಬಡವರಿಗೆ, ಮರೆಗುಳಿಗಳಿಗೆ ಅನುಕೂಲ. ಆದರೆ ಆ ಔಷಧದ ಒಂದು ಗುಣ ಕೆಟ್ಟದ್ದು. ಸರಿಯಾದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವೆ ಅಂತರ ತೀರಾ ಕಡಿಮೆ. ಹೆಚ್ಚಾದರೆ ವಾಂತಿ, ಎದೆ ಹೊಡೆತ, ಕೈನಡುಕ, ಕೊನೆಗೆ ಫಿಟ್ಸು.

ಗುಳಿಗೆ ಔಷಧವನ್ನು ಎಷ್ಟು ನಿಧಾನ ಬಿಡುತ್ತದೆ ಎಂದು ಅಳೆಯುವುದಕ್ಕೆ ನಮ್ಮ ಬಳಿ ಇದ್ದದ್ದು ಡಯಾಲಿಸಿಸ್ ಪೊರೆ. ಪಾರದರ್ಶಕವಾದ, ತೆಳು ಕಾಗದದಂಥ ಚಪ್ಪಟೆ ನಳಿಗೆ ಅದು. ಸುರುಳಿಯಾಗಿ ಬರುತ್ತಿತ್ತು. ಗೇಣುದ್ದ ಕತ್ತರಿಸಿ ನೀರಲ್ಲಿ ಕುದಿಸಿದರೆ ಕುರಿಯ ಕರುಳಿನ ಹಾಗೆ ಮೆತ್ತಗಾಗುತ್ತದೆ. ಒಂದು ತುದಿಗೆ ದಾರದ ಗಂಟು ಹಾಕಿ, ಒಳಗೆ ಸ್ವಲ್ಪ ನೀರು, ಒಂದು ಗುಳಿಗೆ ಬಿಟ್ಟು, ಇನ್ನೊಂದು ತುದಿಗೂ ಗಂಟು ಹಾಕುತ್ತಿದ್ದೆವು. ಆ ಚೀಲವನ್ನು ಬೆಚ್ಚನೆಯ ನೀರಿನ ಬೀಕರಿನಲ್ಲಿ ಇಳಿಬಿಟ್ಟು, ಆಗಾಗ ಹೊರಗಿನ ನೀರು ತೆಗೆದು ಅದರಲ್ಲಿ ಎಷ್ಟು ಔಷಧ ಬಂದಿದೆ ಎಂದು ಬ್ಯುರೆಟ್ಟಿನಲ್ಲಿ ನೋಡುವುದು. ಪೊರೆಯ ಕಣ್ಣಿಗೆ ಕಾಣದ ತೂತುಗಳಲ್ಲಿ ಔಷಧ ಹಾಯುತ್ತದೆ, ಅಂಟು ಹಾಯುವುದಿಲ್ಲ. ಮೂತ್ರಪಿಂಡ ಕೆಟ್ಟವರ ರಕ್ತ ಸೋಸುವ ಯಂತ್ರದಲ್ಲೂ ಇಂಥದೇ ಪೊರೆ ಇರುತ್ತದೆಂದು ಓದಿದ್ದೆ. ಆ ಯಂತ್ರವನ್ನು ಕಣ್ಣಿಂದ ಕಂಡಿರಲಿಲ್ಲ.

ಮೊದಲು ಅಂಟಿಲ್ಲದ ಬರೀ ಔಷಧ ಹಾಕಿ ನೋಡಿದೆವು. ಮಧ್ಯಾಹ್ನದ ಊಟದೊಳಗೆ ಬಹುಪಾಲು ಹೊರಗೆ ಬಂದಿತ್ತು. ಆಮೇಲಿನ ತಿಂಗಳುಗಳಲ್ಲಿ ಅಂಟಿನ ಗುಳಿಗೆ ಹಾಕಿದರೆ ಸಂಜೆಯಾದರೂ ಅರ್ಧಕ್ಕಿಂತ ಹೆಚ್ಚು ಚೀಲದೊಳಗೇ ಉಳಿಯುತ್ತಿತ್ತು. ಮುಖ್ಯಸ್ಥರು, ನಮ್ಮ ಸರ್, ಎರಡೂ ಅಳತೆಗಳ ಗೆರೆಗಳನ್ನು ಒಂದೇ ಗ್ರಾಫ್ ಹಾಳೆಯ ಮೇಲೆ ಎಳೆದು ಗೋಡೆಗೆ ಅಂಟಿಸಿದರು. ಬಂದವರಿಗೆಲ್ಲ ತೋರಿಸುತ್ತಿದ್ದರು.

ಈ ನಡುವೆ ಒಂದು ಪದ್ಧತಿ ನಮ್ಮಲ್ಲಿ ತಾನಾಗಿ ಬೆಳೆದಿತ್ತು. ಪೊರೆಯ ಸುರುಳಿ ಪರದೇಶದಿಂದ ಬರಬೇಕು, ಮುಂಬಯಿಯಲ್ಲಿ ಎಲ್ಲೋ ಸಿಕ್ಕಿಕೊಂಡು ತಿಂಗಳುಗಟ್ಟಲೆ ಕಾಯಿಸುತ್ತದೆ. ಹಾಗಾಗಿ ಒಮ್ಮೆ ಬಳಸಿದ ನಳಿಗೆಯನ್ನು ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ. ಗಂಟು ಬಿಚ್ಚಿ, ಚೆನ್ನಾಗಿ ತೊಳೆದು, ಮಾಳಿಗೆಯ ಮೇಲೆ ಹಗ್ಗಕ್ಕೆ ಹಾಕಿ, ಧೂಳು ಕೂಡದಂತೆ ಮೇಲೊಂದು ಹಳೇ ಧೋತರ ಹೊದಿಸುವುದು. ಬೇಸಿಗೆಯಲ್ಲಿ ನಮ್ಮೂರಿನ ಎಲ್ಲ ಮಾಳಿಗೆಗಳ ಮೇಲೂ ಶಾವಿಗೆ ಒಣಗುವುದು ಹಾಗೆಯೇ. ಇಬ್ರಾಹಿಂಪುರದಿಂದ ಸೈಕಲ್ ಮೇಲೆ ಬರುತ್ತಿದ್ದ ನಮ್ಮ ಅಟೆಂಡರನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಒಣಗಿದ ನಳಿಗೆಗಳನ್ನು ತಟ್ಟೆಯಲ್ಲಿ ಹಿಡಿದು ಇಳಿದು ಬಂದು, 'ಶಾವಗಿ ತಯಾರ್ ಆದ್ವು ನೋಡ್ರಿ ಸರ್, ಹಾಲು ಬೆಲ್ಲ ತರಸ್ರಿ' ಅನ್ನುವನು. ನಾವು ನಗುತ್ತಿದ್ದೆವು. ಹಗ್ಗಕ್ಕೆ ಹಾಕುವ ವಿಚಾರ ಮೊದಲು ಹೇಳಿದವರು ಯಾರು? ಸರ್ ಇರಬಹುದು, ಚಾಚಾ ಇರಬಹುದು. ನನಗೆ ನೆನಪಿಲ್ಲ. ಯಾರಿಗೂ ಅದು ವಿಚಾರ ಅನ್ನಿಸಿರಲೇ ಇಲ್ಲ. ತೊಳೆದ ವಸ್ತುವನ್ನು ಬಿಸಿಲಿಗೆ ಹಾಕುವುದಕ್ಕೆ ಯಾರು ವಿಚಾರ ಮಾಡುತ್ತಾರೆ?

ಒಂದು ಬೆಳಿಗ್ಗೆ ಆ ದಿನದ ನಳಿಗೆಗಳನ್ನು ಕುದಿಸಿ ಬೋಗುಣಿಗೆ ಹಾಕಿದ್ದೆ. ಸುರುಳಿಯ ಕೊನೆಯಲ್ಲಿ ಉಳಿದಿದ್ದ ಒಂದು ಹೊಸ ತುಂಡೂ ಅವುಗಳ ಜತೆ ಬಿದ್ದಿತ್ತು. ಎತ್ತಿ ನೋಡಿದರೆ ಹೊಸದು ಉಬ್ಬಿ, ಜಾರುವಷ್ಟು ಮೆತ್ತಗಾಗಿತ್ತು. ಹಗ್ಗದ ಮೇಲೆ ಒಣಗಿದ್ದು ಅಷ್ಟೇ ಹೊತ್ತು ಕುದಿದಿದ್ದರೂ ಬಿರುಸಾಗಿತ್ತು, ಬೆರಳಲ್ಲಿ ಮಡಚಿದರೆ ಗೆರೆ ಬೀಳುತ್ತಿತ್ತು. ಎರಡನ್ನೂ ಬೆಳಕಿಗೆ ಹಿಡಿದು ನಿಂತೆ. ಬಿಸಿಲಿಗೆ ಇದರ ತೂತುಗಳು ಕುಗ್ಗಿ ಮುಚ್ಚಿಕೊಂಡಿದ್ದರೆ? ಬರೀ ಔಷಧವನ್ನು ನಾವು ಅಳೆದದ್ದು ಹೊಸ ನಳಿಗೆಯಲ್ಲಿ, ಅಂಟಿನ ಗುಳಿಗೆಗಳನ್ನು ಅಳೆದದ್ದು ಒಣಗಿಸಿದ ನಳಿಗೆಗಳಲ್ಲಿ. ಹಾಗಾದರೆ ಗೋಡೆಯ ಮೇಲಿನ ನಿಧಾನದ ಗೆರೆ ಅಂಟಿನದಲ್ಲ, ಪೊರೆಯದು. ಅಂಟು ಏನನ್ನೂ ಹಿಡಿದಿಡುತ್ತಿಲ್ಲ.

ಎರಡು ತುಂಡುಗಳನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿಕೊಂಡು ಸರ್ ಕೋಣೆಗೆ ಹೋದೆ. ಅವರು ಕೇಳಿಸಿಕೊಂಡರು. ಕೋಪ ಮಾಡಲಿಲ್ಲ.

'ಇರಬಹುದೋ. ಹೊಸಾ ಸುರಳಿ ಬರಲಿ, ನೋಡೂಣಂತ. ಅವಸರ ಏನೈತಿ?'

'ಅವಸರ ಏನಿಲ್ರಿ ಸರ್.'

'ಬಬಲೇಶ್ವರದ ನಮ್ಮ ಡಾಕ್ಟರ್ ಗೆಳೆಯಾ ಬಂದಿದ್ದ. ಗ್ರಾಫ್ ನೋಡಿ ಹುಚ್ಚಾದ. ಒಂದಿಷ್ಟು ಗುಳಿಗಿ ಕಟ್ಟಿಗೊಂಡ ಹೋದ. ತಿಕೋಟಾದಾಗ ಒಬ್ಬಾಕಿ ಇದ್ದಾಳಂತ, ದಮ್ಮು ಭಾಳ ಅಂತ. ಹಾಂ, ಆಕಿ ತಮ್ಮನ ಮಗ ನಮ್ಮ ಕಾಲೇಜಿನಾಗ ಅದಾನಂತ ಬ್ಯಾರೆ ಹೇಳಿದ. ನೀನ ಏನೋ ಅದು?'

ಅವರು ನಗುತ್ತಲೇ ಕೇಳಿದರು. ನನ್ನ ಮುಖ ನೋಡಿ ನಗು ನಿಂತಿತು. ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟರು. ಹೋಗು ಅಂದರೋ, ನಾನೇ ಎದ್ದೆನೋ, ಅದು ನೆನಪಿಲ್ಲ.

ತಿಕೋಟಾದಲ್ಲಿ ಇದ್ದದ್ದು ನನ್ನ ಸೋದರತ್ತೆ, ನಮ್ಮಪ್ಪನ ಅಕ್ಕ. ನನ್ನ ತಾಯಿ ಬೇಗ ತೀರಿಕೊಂಡಳು, ಶಾಲೆ ಮುಗಿಯುವ ತನಕ ಅತ್ತೆಯೇ ನನ್ನನ್ನು ಇಟ್ಟುಕೊಂಡಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಅವಳ ಎದೆಯಿಂದ ಬರುವ ಸೀಟಿಯ ಸದ್ದು ಕೇಳುತ್ತಲೇ ನಾನು ಓದಿದ್ದು, ಮಲಗಿದ್ದು. ಒಣಕಲು ಮೈ, ಹಿಡಿದರೆ ಎಲುಬು ಸಿಗುವ ಕೈ. ಅಂಥ ದೇಹಕ್ಕೆ ಇಡೀ ದಿನದ ಔಷಧ ಒಮ್ಮೆಲೇ ಬಿದ್ದರೆ ಏನಾಗುತ್ತದೆ ಎಂದು ಬಸ್ ಸ್ಟ್ಯಾಂಡಿನ ತನಕ ಲೆಕ್ಕ ಹಾಕುತ್ತ ಓಡಿದೆ. ಬಸ್ಸು ತೊರವಿ ದಾಟುವಾಗಲೂ ಅದೇ ಲೆಕ್ಕ. ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿತ್ತು. ಪ್ರತಿ ಸಲ ಬಸ್ಸು ನಿಂತಾಗ ಕಂಡಕ್ಟರನ ಮೇಲೆ ಕೊಲ್ಲುವಷ್ಟು ಸಿಟ್ಟು ಬರುತ್ತಿತ್ತು.

ಅತ್ತೆಯ ಮನೆಗೆ ಕೀಲಿ ಹಾಕಿತ್ತು. ಪಕ್ಕದ ಮನೆಯ ಬೀಬಿ ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

'ನಿಮ್ಮ ಮಾಮಾ ಕುರಿ ನೋಡಾಕ ಕಳ್ಳಕವಟಗಿಗೆ ಹೋಗ್ಯಾನ. ನಿಮ್ಮತ್ತಿ ಬಬಲೇಶ್ವರಕ್ಕ ಹೋಗ್ಯಾಳ. ಗುಳಿಗಿ ತಗೊಂಡ ಬಂದ ತೋರಸು ಅಂತ ಡಾಕ್ಟರ್ ಹೇಳಿದ್ರಂತ.'

'ಗುಳಿಗಿ ನುಂಗ್ಯಾಳೇನು?'

'ನುಂಗದ ಬಿಡ್ತಾಳೇನಪಾ? ಹೊಸಾದೂ ನುಂಗಿದ್ಲು, ಹಳೇದೂ ನುಂಗಿದ್ಲು.'

'ಎರಡೂ ಯಾಕ?'

'ಹಳೇವು ಡಬ್ಬ್ಯಾಗ ಉಳದಾವು, ಚೆಲ್ಲಾಕ ಮನಸ ಬರವಲ್ದು ಅಂದ್ಲು. ಆಮ್ಯಾಲ ನನ್ನ ಜೋಡಿ ಚಾ ಕುಡದ್ಲು. ಎದಿ ಭಾಳ ಹಾರಾಕತ್ತೈತಿ ಅಂತಿದ್ಲು. ಬಿಸಲಿಗೆ ಹಂಗ ಆಗ್ತೈತಿ ಬಿಡು ಅಂದೆ.' ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. 'ಯಾ ಅಲ್ಲಾ, ನಿನ್ನ ಮಾರಿ ಯಾಕ ಹಿಂಗಾತು? ಕೂಡು, ನೀರ ಕೊಡ್ತೇನಿ.'

ನೀರು ಕುಡಿದೆನೋ ಇಲ್ಲವೋ. ಮುಂದಿನದು ಲಾರಿ. ಅಥವಾ ಲಾರಿ ಎಂದು ನಾನು ನಂಬಿರುವುದು. ಡ್ರೈವರ್ ಬೀಡಿ ಕಚ್ಚಿಕೊಂಡೇ ಮಾತಾಡುವ ಮನುಷ್ಯ.

'ಯಾಕ್ರಿ ಮಾಸ್ತರ, ಹೆಂಡತಿ ಹಡಿಯಾಕತ್ತಾಳೇನು? ಒಂದ ಸವನ ಗಡಿಯಾರ ನೋಡಾಕತ್ತೀರಿ.'

'ನಮ್ಮತ್ತಿಗೆ ಆರಾಮಿಲ್ಲಪಾ.'

'ಅತ್ತಿಗೇನು? ಹಂಗಾದ್ರ ಸಾವಕಾಶ ಹೋಗೂಣ ತಗೋರಿ, ಅತ್ತಿ ಸಲುವಾಗಿ ಯಾರ ಅವಸರ ಮಾಡ್ತಾರ?'

'ಹೆಂಡತಿ ತಾಯಿ ಅಲ್ಲೋ. ಸ್ವಾದರತ್ತಿ. ನನ್ನ ಜ್ವಾಪಾನ ಮಾಡಿದಾಕಿ.'

ಅವನು ಬೀಡಿ ಹೊರಗೆಸೆದ. ಆಮೇಲೆ ಬಬಲೇಶ್ವರ ಬರುವ ತನಕ ಲಾರಿ ಜೋರಾಗಿ ಬಿಟ್ಟ. ಇಂಥ ಮನುಷ್ಯನನ್ನು ನಾನು ಕಲ್ಪಿಸಿಕೊಂಡಿರುವೆ ಎಂದು ಒಪ್ಪುವುದು ನನಗೆ ಕಷ್ಟ.

ಡಾಕ್ಟರರ ದವಾಖಾನೆಯ ಪಡಸಾಲೆಯಲ್ಲಿ, ಬೆಂಚಿನ ಮೇಲೆ ಗೋಡೆಗೆ ಒರಗಿ ಅತ್ತೆ ಕೂತಿದ್ದಳು. ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು.

'ಬಂದ್ಯಾ ಯಪ್ಪಾ? ನಿಮ್ಮ ಸಾಲಿ ಗುಳಿಗಿ ಭಾಳ ಚಲೋ ಅದಾವ ನೋಡು. ಕೇಳಿಲ್ಲೆ.' ನನ್ನ ಕೈ ಹಿಡಿದು ತನ್ನ ಎದೆಯ ಹತ್ತಿರಕ್ಕೆ ಎಳೆದಳು. 'ಸೀಟಿ ಐತೇನು? ಎಷ್ಟ ವರ್ಷದ ಮ್ಯಾಲ ಉಸರು ಇಷ್ಟ ಸಲೀಸ ಬರಾಕತ್ತೈತಿ.'

ಸೀಟಿ ಇರಲಿಲ್ಲ. ನನಗೆ ನೆನಪಿರುವಷ್ಟು ಕಾಲದಿಂದ ಮೊದಲ ಸಲ ಆ ಎದೆ ಸದ್ದಿಲ್ಲದೆ ಏರಿ ಇಳಿಯುತ್ತಿತ್ತು. ಆ ಸದ್ದಿಲ್ಲದ ಉಸಿರಿನಷ್ಟು ನನ್ನನ್ನು ಹೆದರಿಸಿದ್ದು ಇನ್ನೊಂದಿಲ್ಲ. ಔಷಧ ಇಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು. ನನ್ನ ಕೈ ಹಿಡಿದ ಅವಳ ಬೆರಳುಗಳು ತಾವಾಗಿಯೇ ನಡುಗುತ್ತಿದ್ದವು. ನಾಡಿ ಹಿಡಿದೆ. ಎಣಿಸಲು ಆಗಲಿಲ್ಲ, ಬೆರಳ ಕೆಳಗೆ ಹಕ್ಕಿ ಸಿಕ್ಕಿಬಿದ್ದ ಹಾಗಿತ್ತು.

ಒಳಗೆ ಹೋಗಿ ಡಾಕ್ಟರರಿಗೆ ಎಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಕಡೆತನಕ ಕೇಳಿ, ಕನ್ನಡಕ ತೆಗೆದು ಒರೆಸಿದರು.

'ನಾಡಿ ಜೋರೈತಿ, ಹೌದು. ಬಸ್ಸಿನಾಗ ಬಂದಾಳ, ಹೊರಗ ಬೆಂಕಿ ಸುರ್ಯಾಕತ್ತೈತಿ. ಆದ್ರ ಎದಿ ಕೇಳಿದೇನು?'

'ಅದಕ್ಕ ಹೆದರಿಕಿ ಬರಾಕತ್ತೈತಿ ಸರ್. ಇಡೀ ದಿನದ್ದು ಒಮ್ಮೆಲೆ ಬಿಟ್ಟೈತಿ. ಮ್ಯಾಲ ಅದ ಔಷಧದ ಹಳೇ ಗುಳಿಗೀನೂ ನುಂಗ್ಯಾಳ.'

'ಹಳೇದು ಬಂದ್ ಮಾಡು ಅಂತ ಹೇಳಿದ್ದೆ.' ಒಂದು ಕ್ಷಣ ಅವರ ಮುಖ ಗಂಭೀರವಾಯಿತು. ಆದರೆ ಬಿಡಲಿಲ್ಲ. 'ನೋಡು ತಮ್ಮಾ, ನಿಮ್ಮ ಸರ್ ನನಗ ಗ್ರಾಫ್ ತೋರಿಸ್ಯಾರ. ನೀ ಏನ್ ತೋರಸ್ತಿ?'

ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಬಟ್ಟೆ ಯಾವಾಗಲೋ ಒಣಗಿತ್ತು. ಹೊಸ ತುಂಡು ಯಾವುದು, ಹಳೆಯದು ಯಾವುದು, ನನಗೇ ತಿಳಿಯಲಿಲ್ಲ. ಆ ಬಿಸಿಲಿಗೆ, ಆ ಗಾಳಿಗೆ ಎರಡೂ ಒಂದೇ ಥರ ಸೆಟೆದು, ಸುರುಟಿಕೊಂಡು, ಮುಟ್ಟಿದರೆ ಚಟಚಟ ಎನ್ನುತ್ತಿದ್ದವು.

'ಏನಿವು, ಹಪ್ಪಳದ ಚೂರು?' ಎಂದರು ಡಾಕ್ಟರ್.

ನನ್ನ ಪುರಾವೆ ದಾರಿಯಲ್ಲೇ ಒಣಗಿಹೋಗಿತ್ತು. ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಮೇಜಿನ ಮುಂದೆ ನಿಂತಾಗ ನನಗೂ ಅನುಮಾನ ಬಂತು. ಬೋಗುಣಿಯಲ್ಲಿ ನಿಜಕ್ಕೂ ವ್ಯತ್ಯಾಸ ನೋಡಿದ್ದೆನೇ, ಅಥವಾ ನೋಡಿದೆ ಅನ್ನಿಸಿತ್ತೇ?

ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ದನಿ ಬಂತು. 'ಲೇ ತಮ್ಮಾ, ಹೊಟ್ಟಿ ತೊಳಸಾಕತ್ತೈತಿ.' ನಾನು ಹೊರಗೆ ಬರುವುದರೊಳಗೆ ಅವಳು ಕಟ್ಟೆಯ ತುದಿಗೆ ಬಾಗಿ ವಾಂತಿ ಮಾಡುತ್ತಿದ್ದಳು. ಒಂದು ಸಲ, ಮತ್ತೊಂದು ಸಲ, ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೆಯೂ. ಡಾಕ್ಟರ್ ನನ್ನ ಹಿಂದೆಯೇ ಬಂದರು. ನಾಡಿ ಹಿಡಿದರು. ಈ ಸಲ ಬಿಸಿಲಿನ ಮಾತಾಡಲಿಲ್ಲ. ಇಬ್ಬರೂ ಸೇರಿ ಅವಳನ್ನು ಒಳಗಿನ ಮಂಚದ ಮೇಲೆ ಮಲಗಿಸಿದೆವು. ಡಾಕ್ಟರ್ ಸ್ಟೋವ್ ಹೊತ್ತಿಸಿ, ಸಿರಿಂಜು ಸೂಜಿಗಳನ್ನು ಕುದಿಯಲು ಇಟ್ಟರು. ಕಪಾಟಿನಿಂದ ಒಂದು ಇಂಜೆಕ್ಷನ್ ತೆಗೆದು ಪಕ್ಕದಲ್ಲಿಟ್ಟುಕೊಂಡರು.

ಫಿಟ್ಸು ಬಂದರೆ ಕೊಡುವ ಔಷಧ ಅದು. ಪಾತ್ರೆಯ ತಳಕ್ಕೆ ಸೂಜಿ ಬಡಿಯುವ ಸಣ್ಣ ಸದ್ದು ಕೇಳುತ್ತಾ ಅವಳ ಬೆರಳುಗಳನ್ನು ನೋಡುತ್ತಾ ಕೂತೆವು. ಹೆಬ್ಬೆರಳು ಒಮ್ಮೊಮ್ಮೆ ಜಿಗಿಯುತ್ತಿತ್ತು. ಜಿಗಿದಾಗಲೆಲ್ಲ ಡಾಕ್ಟರ್ ಅರ್ಧ ಎದ್ದು ಮತ್ತೆ ಕೂಡುತ್ತಿದ್ದರು. ಅವಳ ಬಾಯಿ ವಾರೆಯಾಗುತ್ತಿದೆಯೇ, ಕಣ್ಣು ಮೇಲಕ್ಕೆ ಹೋಗುತ್ತಿದೆಯೇ ಎಂದು ನೋಡಿ ನೋಡಿ, ಇಲ್ಲದ್ದೂ ಕಾಣತೊಡಗಿತ್ತು.

'ಇಬ್ಬರೂ ಯಾಕ ಹಿಂಗ ಮಾರಿ ನೋಡಾಕತ್ತೀರಿ? ನಾ ಏನ ಮದುಮಗಳೇನು?' ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ.

'ಸುಮ್ನ ಮಲಗಬೇ ಅತ್ತಿ.'

'ನೀ ಹೆದರಬ್ಯಾಡ. ಸಣ್ಣಾಂವ ಇದ್ದಾಗೂ ನೀ ಹಿಂಗ. ನಾ ಕೆಮ್ಮಿದ್ರ ಸಾಕು, ಎದ್ದ ಕೂಡ್ತಿದ್ದಿ.'

ನಾನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತು ಬಂದೆ. ಬಿಸಿಲು ಕಟ್ಟೆಯಿಂದ ಇಳಿದು ರಸ್ತೆಗೆ ಹೋಯಿತು, ರಸ್ತೆಯಿಂದ ಎದುರಿನ ಗೋಡೆಗೆ. ಬೀದಿಯಲ್ಲಿ ದನ ಮರಳುವ ಹೊತ್ತು. ಅವಳ ಪಕ್ಕ ಕೂತಿದ್ದ ನನಗೆ ಒಂದು ತೆಳ್ಳಗಿನ ಸದ್ದು ಕೇಳಿತು. ಮೊದಲು ಸ್ಟೋವಿನದು ಅಂದುಕೊಂಡೆ. ಸ್ಟೋವ್ ಆರಿತ್ತು. ಅದು ಅವಳ ಎದೆಯೊಳಗಿನ ಸೀಟಿ. ಔಷಧ ಇಳಿಯುತ್ತಿತ್ತು. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ಕೇಳಿ, ನಾಡಿ ಹಿಡಿದು, ದೊಡ್ಡದಾಗಿ ಉಸಿರು ಬಿಟ್ಟರು. ಸಂಜೆಯೊಳಗೆ ಮುಗಿದುಹೋದ ಗುಳಿಗೆ ಇಡೀ ದಿನದ ಗುಳಿಗೆ ಹೇಗಾದೀತು ಎಂದು ಅವರೂ ಯೋಚಿಸಿರಬೇಕು. ಕುದಿಸಿದ ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು.

'ಮತ್ತ ಬಂತಲ್ಲೋ ಇದರ ಹೆಣಾ ಎತ್ಲಿ,' ಎಂದಳು ಅತ್ತೆ, ಕೆಮ್ಮುತ್ತ. ಆಗ ನಾನು ಕಣ್ಣೀರು ಹಾಕಿದೆನೆಂದು ಅವಳು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ನನಗೆ ಆ ನೆನಪಿಲ್ಲ.

ಉಳಿದ ಗುಳಿಗೆಗಳ ಬಾಟಲಿ ಅವಳ ಸೊಂಟದ ಚೀಲದಲ್ಲಿತ್ತು. ಕೇಳಿದರೆ ಕೊಡಲಿಲ್ಲ. 'ಒಂದ ದಿನ ಹೊಟ್ಟಿ ಕೆಟ್ಟರ ಏನಾತು, ಉಸರು ಬಂದಿತ್ತಲ್ಲ' ಎಂದು ಕೈ ಅಡ್ಡ ಹಿಡಿದಳು. ನಾನು ಕಸಿದುಕೊಂಡೆ ಎಂದು ನನ್ನ ನೆನಪು. ಕಸಿದುಕೊಳ್ಳಲಿಲ್ಲ, ಬಸ್ಸಿನಲ್ಲಿ ತಿಕೋಟಾಕ್ಕೆ ಮರಳುವಾಗ ತಾನೇ ತೆಗೆದು ನನ್ನ ಜೇಬಿಗೆ ಹಾಕಿದೆ ಎಂದು ಅವಳ ನೆನಪು. ಅದಾದ ಮೇಲೆ ಬಹಳ ವರ್ಷ ಬದುಕಿದ್ದಳು, ಸೀಟಿ ಊದುತ್ತಲೇ. ಈ ವಾದ ಕೊನೆತನಕ ಬಗೆಹರಿಯಲಿಲ್ಲ. ಒಂದು ಸಲ ಮಾತ್ರ, ಯಾರೂ ಇಲ್ಲದಾಗ, ಆ ದಿನ ಮಂಚದ ಮೇಲೆ ಮಲಗಿದ್ದಾಗ ತನಗೆ ಕೋಣೆಯ ಮೂಲೆಗಳು ಅಲುಗಾಡಿದಂತೆ ಕಾಣುತ್ತಿದ್ದವು, ಹೇಳಿದರೆ ನೀನು ಹೆದರುತ್ತೀ ಎಂದು ಹೇಳಲಿಲ್ಲ ಎಂದಳು. ಅದು ನಿಜವೋ, ಹೇಳಿ ಹೇಳಿ ಬೆಳೆದ ಕತೆಯೋ ಗೊತ್ತಿಲ್ಲ.

ನನಗೆ ಗೊತ್ತಿರುವುದು ಇಷ್ಟು. ಮುಂದೆ ಹೊಸ ಸುರುಳಿ ಬಂದಾಗ ಚಾಚಾ ಮತ್ತು ನಾನು ಎರಡು ಚೀಲ ಕಟ್ಟಿದೆವು, ಒಂದು ಹೊಸ ನಳಿಗೆಯದು, ಇನ್ನೊಂದು ಹಗ್ಗದ ಮೇಲೆ ಒಣಗಿದ್ದು. ಎರಡರಲ್ಲೂ ಅಂಟಿಲ್ಲದ ಬರೀ ಔಷಧ ಹಾಕಿದೆವು. ಸರ್ ಮೇಜಿನ ಆಚೆ ನಿಂತು, ನಾನು ಹೇಳಿದ ಅಳತೆಗಳನ್ನು ತಾವೇ ಗೋಡೆಯ ಗ್ರಾಫಿನ ಮೇಲೆ ಗುರುತಿಸುತ್ತ ಹೋದರು. ಹೊಸ ನಳಿಗೆ ಮಧ್ಯಾಹ್ನದೊಳಗೆ ಬಹುಪಾಲು ಬಿಟ್ಟುಕೊಟ್ಟಿತು. ಒಣಗಿದ ನಳಿಗೆ ಸಂಜೆಯಾದರೂ ಅರ್ಧಕ್ಕಿಂತ ಹೆಚ್ಚು ಒಳಗೇ ಹಿಡಿದಿತ್ತು. ನಂಬಿಕೆ ಬಾರದೆ ಅದನ್ನು ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲವೂ ಒಣಗಿದ ನಳಿಗೆಯಲ್ಲಿ ಅಂಟೇ ಇಲ್ಲದ ಬರೀ ಔಷಧದ ಗೆರೆ, ಅಂಟಿನ ಗುಳಿಗೆಯ ಹಳೆಯ ಗೆರೆಯ ಮೇಲೆಯೇ ಬಂದು ಕೂತಿತು.